ಆ್ಯಪ್‌ನಾಗ ಇರಲಾರದ್ದು ಬರೀರಿ

ಸೇಲ್ಸ್ ಮ್ಯಾನೇಜರ್ ಆದವ್ರು ದಿನಾ ನೋಟ್ಸ್ ಬರಕೋಬೇಕು ಅಂತ ಒಂದು ಲೇಖನ ಓದಿದೆ, ಅದು ಹೇಳಿದ್ದು ಖರೇ ಐತ್ರಿ. ಏನು ಬರೀಬೇಕು ಅನ್ನೋದು ಮಾತ್ರ ಅದರಾಗ ಕಡಿಮಿ ಬಂತು. ನಾನು ಹುಬ್ಬಳ್ಳಿ-ಹಾವೇರಿ ಲೈನ್ ನೋಡ್ಕೋತೀನಿ. ಟಾರ್ಗೆಟ್, ಕಲೆಕ್ಷನ್ (ಬಾಕಿ ವಸೂಲಿ) ಎಲ್ಲಾ ಕಂಪನಿ ಆ್ಯಪ್‌ನಾಗ ಇರ್ತಾವ, ಅವನ್ನ ಮತ್ತ ಡೈರಿಗೆ ಇಳಿಸೋದು ದಂಡ. ಬ್ಯಾಡಗಿಯೊಳಗ ಸೋಮವಾರ, ಗುರುವಾರ ಮೆಣಸಿನಕಾಯಿ ಪ್ಯಾಟಿ. ಅವತ್ತು ಅಂಗಡಿಕಾರರು ತಲಿ ಎತ್ತಂಗಿಲ್ಲ, ಹೊಸ ಸ್ಕೀಮ್ ಹೇಳಾಕ ಹೋಗಬಾರದು. ಹುಬ್ಬಳ್ಳಿ ದುರ್ಗದಬೈಲದ ಅಂಗಡಿಯವ್ರಿಗೆ ಒಡದ ಬಾಟ್ಲಿ ಶುಕ್ರವಾರದೊಳಗ ಬದ್ಲಿ ಕೊಡ್ತೀವಿ ಅಂತ ನಮ್ಮ ಸೇಲ್ಸ್ ಹುಡುಗ ಮಾತು ಕೊಟ್ಟಾನ. ಬರಕೋಬೇಕಾದ್ದು ಇಂಥವು.

ಹುಡುಗರ ಜೋಡಿ ಅಂಗಡಿ ಸುತ್ತೋ ಬೀಟ್‌ಗೆ ಹೋದಾಗ ಗಿರಾಕಿ ಮುಂದ ಡೈರಿ ತಗೀಬ್ಯಾಡ್ರಿ. ಸಾಹೇಬ್ರು ನನ್ನ ತಪ್ಪು ಬರಕೊಳ್ಳಾಕತ್ತಾರ ಅಂತ ಹುಡುಗ ತಡವರಸ್ತಾನ. ಹೊರಗ ಬಂದು ಚಾ ಕುಡಕೋತ ಬರೀರಿ, ಬರದದ್ದನ್ನ ಅವಗೇ ಓದಿ ಹೇಳ್ರಿ.

ಇನ್ನ 'ನಾನು ಮಾಡಬೇಕಾದ್ದು' ಅಂತ ಒಂದು ಹಾಳಿ ಬ್ಯಾರೇನೇ ಇಡ್ರಿ. ಭಾಳ ಮಂದಿ ಮ್ಯಾನೇಜರ್‌ಗಳ ಡೈರಿಯೊಳಗ ಇದ ಇರಂಗಿಲ್ಲ! ಹೆಡ್ ಆಫೀಸಿನಿಂದ ಕ್ರೆಡಿಟ್ ನೋಟ್ (ಅಂಗಡಿಯವನ ಬಾಕಿಯೊಳಗ ಇಷ್ಟು ಕಡಿಮಿ ಮಾಡೀವಿ ಅನ್ನೋ ಚೀಟಿ) ತರಿಸೋದು ನಮ್ಮ ಕೆಲಸ. ಅದು ಬರೂತನಕ ಅಂಗಡಿಯವ ಬಾಕಿ ಕೊಡಂಗಿಲ್ಲ, ನಾವು ನೋಡಿದ್ರ ಕಲೆಕ್ಷನ್ ಯಾಕ ಇಲ್ಲ ಅಂತ ಹುಡುಗನ ಮ್ಯಾಲ ಹಾರ್ಯಾಡ್ತೀವಿ. ಮೀಟಿಂಗಿಗೆ ಕೂಡೂ ಮೊದಲ ಆ ಹಾಳಿ ಒಮ್ಮೆ ನೋಡ್ಕೋರಿ.