ದಿಂಬಿನೊಳಗಿನ ಗಾಳಿ

ದಿಂಬು ಮಾಡಿಸುವಾಗ ಅಂಗಡಿಯವರು ತೂಗಿ ಕೊಡುವುದು ಹತ್ತಿಯನ್ನಾದರೂ, ರಾತ್ರಿಯಿಡೀ 4–5 ಕಿಲೋ ಭಾರದ ನಮ್ಮ ತಲೆಯನ್ನು ಮೆತ್ತಗೆ ಹೊರುವುದು ಆ ಹತ್ತಿಯ ಎಳೆಗಳ ನಡುವೆ ಸಿಕ್ಕಿಕೊಂಡಿರುವ ಗಾಳಿ. ಕಾಸಿಲ್ಲದೆ ಬಂದ ಈ ಸರಕನ್ನು ಒಳಗೇ ಉಳಿಸಿಕೊಳ್ಳುವುದರಲ್ಲಿ ದಿಂಬಿನ ಆರೈಕೆಯೆಲ್ಲ ಅಡಗಿದೆ.

ಅದನ್ನು ಹೊರಗಟ್ಟುವುದರಲ್ಲಂತೂ ನಾವು ನಿಪುಣರು. ತಲೆಗೆ ಕೊಬ್ಬರಿ ಎಣ್ಣೆ ತಿಕ್ಕಿಕೊಂಡು ಮಲಗುತ್ತೇವೆ, ಮಿಂದ ಕೂದಲು ಆರುವ ಮೊದಲೇ ಒರಗುತ್ತೇವೆ, ಮಧ್ಯಾಹ್ನ ಅದೇ ದಿಂಬನ್ನು ಮಡಚಿ ಬೆನ್ನಿಗೆ ಕೊಟ್ಟು ಟಿ.ವಿ. ನೋಡುತ್ತೇವೆ. ಬೆವರನ್ನೂ ಉಸಿರಿನ ಹಸಿಯನ್ನೂ ಹೀರಿಕೊಂಡ ಹತ್ತಿಯ ಎಳೆಗಳು ತಲೆಯ ಒತ್ತಡಕ್ಕೆ ಒಂದಕ್ಕೊಂದು ಅಂಟಿ, ಗಂಟುಗಟ್ಟಿ, ಕೊನೆಗೆ ದಿಂಬಿನ ನಡುವೆ ಹಳ್ಳವೂ ಅಂಚಿನಲ್ಲಿ ದಿಬ್ಬವೂ ಏಳುತ್ತವೆ. ಆ ಹಳ್ಳಕ್ಕೇ ಕತ್ತು ಒಗ್ಗಿಹೋಗಿ, ಹೊಸ ದಿಂಬು ಕೊಟ್ಟರೆ ನಿದ್ದೆ ಬಾರದೆ ಹೊರಳಾಡುವ ಹಿರಿಯರು ಹಲವು ಮನೆಗಳಲ್ಲಿದ್ದಾರೆ. ಅವರ ದಿಂಬಿನ ತಂಟೆಗೆ ಹೋಗದಿರುವುದು ಕ್ಷೇಮ.

ಹತ್ತಿಯ ದಿಂಬಿಗೆ ಬಿಸಿಲಿಗಿಂತ ಒಳ್ಳೆಯ ಮದ್ದಿಲ್ಲ. ಬೆಳಗಿನ ಇಬ್ಬನಿ ಆರಿದ ಮೇಲೆ ಮಹಡಿಯಲ್ಲಿ ಹರವಿ, ನಡುಹಗಲಿಗೆ ಮಗುಚಿ, ಸಂಜೆಯ ತಂಪು ಇಳಿಯುವ ಮೊದಲು ಒಳಗೆ ತಂದರೆ ಎಳೆಗಳಲ್ಲಿದ್ದ ತೇವ ಹೋಗಿ ದಿಂಬು ತಾನಾಗಿಯೇ ಉಬ್ಬುತ್ತದೆ. ಮಲೆನಾಡಿನಲ್ಲಿ ಈ ಕೆಲಸವನ್ನು ಏಪ್ರಿಲ್–ಮೇ ತಿಂಗಳಲ್ಲೇ ಮುಗಿಸಿಕೊಳ್ಳದಿದ್ದರೆ ಇಡೀ ಮಳೆಗಾಲ ಮುಗ್ಗಲು ವಾಸನೆಯ ಮೇಲೆ ತಲೆಯಿಡಬೇಕಾಗುತ್ತದೆ. ಕೋಲಿನಿಂದ ಬಡಿಯುವ ಪದ್ಧತಿಯನ್ನು ಮಾತ್ರ ನಾನು ಒಪ್ಪುವುದಿಲ್ಲ. ಅದರಿಂದ ಧೂಳು ಹಾರುತ್ತದೆ, ಬಡಿಯುವವರ ಸಿಟ್ಟೂ ಇಳಿಯಬಹುದು, ಆದರೆ ಒಳಗಿನ ಗಂಟು ಬಿಡುವುದಿಲ್ಲ. ಎರಡು ಮೂಲೆ ಹಿಡಿದು ಚೆನ್ನಾಗಿ ಕೊಡವಿದರೆ ಸಾಕು.

ಗಂಟು ಬಿಡಿಸುವ ವಿದ್ಯೆ ಪಿಂಜಾರರದು. ಹೆಗಲ ಮೇಲೆ ಉದ್ದನೆಯ ಬಿಲ್ಲು ಹೊತ್ತು, ಅದರ ತಂತಿಯನ್ನು ಮೀಟುತ್ತ ಅವರು ಬೀದಿಯಲ್ಲಿ ಬರುತ್ತಿದ್ದರೆ ಬೇರೆ ಕೂಗು ಬೇಕಿರಲಿಲ್ಲ. ಅಂಗಳದಲ್ಲಿ ಕುಳಿತು ಮರದ ಕೊಡತಿಯಿಂದ ತಂತಿಯನ್ನು ಬಡಿದಾಗ ಅದರ ಕಂಪನಕ್ಕೆ ಸಿಕ್ಕಿದ ಹತ್ತಿ ಎಳೆಎಳೆಯಾಗಿ ಬಿಡಿಸಿಕೊಂಡು ಹಾರುತ್ತಿತ್ತು. ಒಂದು ದಿಂಬಿನಷ್ಟು ಗಟ್ಟಿಹತ್ತಿ ಅಂಗಳದ ತುಂಬ ಹರಡಿದ್ದನ್ನು ಕಂಡ ಮಕ್ಕಳಿಗೆ, ಅದೆಲ್ಲ ಮತ್ತೆ ಅದೇ ಚೀಲಕ್ಕೆ ಹೇಗೆ ಹೋದೀತೆಂಬ ಚಿಂತೆ. ಈಗ ಆ ಕೆಲಸವನ್ನು ಬಹುಮಟ್ಟಿಗೆ ಯಂತ್ರ ಮಾಡುತ್ತದೆ. ಕೆಲವು ವರ್ಷಗಳಿಗೊಮ್ಮೆ ಹಿಂಜಿಸಿದರೆ ಹತ್ತಿಯ ದಿಂಬು ಬಹುಕಾಲ ಬಾಳುತ್ತದೆ. ಅದನ್ನು ಇಡಿಯಾಗಿ ನೀರಿಗೆ ಹಾಕಲು ಮಾತ್ರ ಹೋಗಬಾರದು. ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿ ಉಳಿದು ಕೊಳೆತ ವಾಸನೆ ಹಿಡಿಯುತ್ತದೆ.

ದಿಂಬಿಗೆ ತುಂಬುವ ಬೂರುಗದ ಮರದ ಅರಳೆಯ ಜಾಯಮಾನವೇ ಬೇರೆ. ಅದರ ಎಳೆ ಟೊಳ್ಳು, ಮೇಲೆ ಮೇಣದ ಲೇಪ. ಆದ್ದರಿಂದ ನೀರು ಸುಲಭವಾಗಿ ಹಿಡಿಯದು. ಬೇಸಿಗೆಯಲ್ಲಿ ಕಾಯಿ ಒಡೆದು ಗಾಳಿಗೆ ತೇಲುವ ಈ ಅರಳೆಗೆ ಹಗುರವೇ ಗುಣ, ಪೆಡಸುತನವೇ ದೋಷ: ಒರಟಾಗಿ ಬಡಿದರೆ ಎಳೆ ಮುರಿದು ಪುಡಿಯಾಗಿ ಹೊಲಿಗೆಯ ಸಂದಿನಿಂದ ಮೂಗಿಗೇ ಬರುತ್ತದೆ.

ಪಾಲಿಯೆಸ್ಟರ್ ದಿಂಬನ್ನು ಯಂತ್ರದಲ್ಲಿ ಒಗೆಯಬಹುದು, ಪೂರ್ತಿ ಒಣಗಿಸುವ ತಾಳ್ಮೆಯಿರಬೇಕಷ್ಟೆ. 1960ರ ದಶಕದಲ್ಲಿ ನಾಸಾದ ಕೆಲಸಕ್ಕಾಗಿ ಹುಟ್ಟಿದ ಮೆಮೊರಿ ಫೋಮ್‌ಗೆ ಮಾತ್ರ ನಮ್ಮ ಮನೆಮದ್ದುಗಳೆಲ್ಲ ಅಪಥ್ಯ: ನೀರಿಗೆ ಹಾಕಿದರೆ ಚಿಂದಿಯಾಗುತ್ತದೆ, ಬಿಸಿಲಿಗೆ ಇಟ್ಟರೆ ಹಳದಿಗಟ್ಟಿ ಪುಡಿಯಾಗುತ್ತದೆ, ನೆರಳಿನ ಗಾಳಿಯಷ್ಟೇ ಅದಕ್ಕೆ ಸಲ್ಲುತ್ತದೆ. ಯಾವ ದಿಂಬಿಗಾದರೂ ಎಣ್ಣೆಯನ್ನು ತಡೆಯಲು ಒಳಗೊಂದು, ಹೊರಗೊಂದು ಎಂದು ಎರಡು ಗವಸು ಹಾಕಿ, ಹೊರಗಿನದನ್ನು ವಾರಕ್ಕೊಮ್ಮೆ 60 ಡಿಗ್ರಿ ಬಿಸಿಯ ನೀರಿನಲ್ಲಿ ಒಗೆದರೆ ಕಣ್ಣಿಗೆ ಕಾಣದ ಧೂಳುಹುಳುಗಳೂ ಸಾಯುತ್ತವೆ.

ಪಾಲಿಯೆಸ್ಟರ್ ದಿಂಬನ್ನು ಎರಡಾಗಿ ಮಡಚಿ ಕೈಬಿಟ್ಟಾಗ ಅದು ಮತ್ತೆ ಬಿಚ್ಚಿಕೊಳ್ಳದಿದ್ದರೆ ಅದರ ಆಯುಸ್ಸು ತೀರಿತೆಂದೇ ತಿಳಿಯಬೇಕು. ಹತ್ತಿಯದಕ್ಕೆ ಆಗಲೂ ಒಂದು ದಾರಿಯಿದೆ: ಚೀಲ ಬಿಚ್ಚಿ ಹಿಂಜಿಸಿ, ಮುಂದಿನ ಬಾರಿ ಹಾಸಿಗೆ ಹೊಲಿಸುವಾಗ ಹೊಸ ಹತ್ತಿಯ ಜೊತೆಗೆ ಬೆರೆಸಿಬಿಟ್ಟರೆ ಆಯಿತು.