ಬಗ್‌ಗಳ ಕಿರ್ದಿ ನಮ್ಮ ಸರ್ವರ್‌ನಲ್ಲೇ ಇರಬೇಕೇ?

ಎಪಿಎಂಸಿ ದಲಾಲಿ ಅಂಗಡಿಗಳಿಗೆ ತೂಕ ಮತ್ತು ಲೆಕ್ಕದ ತಂತ್ರಾಂಶ ಮಾಡಿಕೊಡುವ ಹುಬ್ಬಳ್ಳಿಯ ನಮ್ಮ ಕಂಪನಿಯಲ್ಲಿ ಈಗ 140 ಮಂದಿ ಡೆವಲಪರ್‌ಗಳೂ ಟೆಸ್ಟರ್‌ಗಳೂ ಇದ್ದಾರೆ. ಇಷ್ಟು ದಿನ ನಮ್ಮದೇ ಸರ್ವರ್‌ನಲ್ಲಿರುವ ಹಳೆಯ ರೆಡ್‌ಮೈನ್ ಎಂಬ ಮುಕ್ತ ತಂತ್ರಾಂಶದಲ್ಲಿ ಬಗ್ (ಎಂದರೆ ತಂತ್ರಾಂಶದ ದೋಷ) ಬರೆದುಕೊಂಡು ಬಂದಿದ್ದೇವೆ. ಅದನ್ನು ಹೊಸ ಆವೃತ್ತಿಗೆ ಏರಿಸಿ ಮುಂದುವರಿಸಬೇಕೇ, ಅಥವಾ ಬೇರೆ ಕಂಪನಿಯ ಸರ್ವರ್‌ನಲ್ಲಿ ನಡೆಯುವ ಜಿರಾದಂಥ ಕ್ಲೌಡ್ ಸೇವೆಗೆ ಚಂದಾ ಕಟ್ಟಬೇಕೇ ಎಂಬ ಪ್ರಶ್ನೆ ಬಂದಾಗ, ಸರ್ವರ್ ವಿಭಾಗದವರೊಬ್ಬರು ಮತ್ತು ಟೆಸ್ಟಿಂಗ್ ವಿಭಾಗದ ಮುಖ್ಯಸ್ಥೆ ಕ್ರಮವಾಗಿ ಪರ ಮತ್ತು ವಿರೋಧದ ವಾದವನ್ನು ಬರೆದುಕೊಟ್ಟರು.

ಪರ: ನಮ್ಮಲ್ಲೇ ಇರಲಿ

ಹುಬ್ಬಳ್ಳಿ ಪೇಟೆಯ ದುರ್ಗದ ಬೈಲಿನ ಯಾವ ವ್ಯಾಪಾರಿಯೂ ತನ್ನ ಕಿರ್ದಿ ಪುಸ್ತಕವನ್ನು ಇನ್ನೊಬ್ಬರ ಅಂಗಡಿಯಲ್ಲಿಟ್ಟು, ಅದನ್ನು ತೆರೆದು ನೋಡಲು ತಿಂಗಳಿಗಿಷ್ಟೆಂದು ಬಾಡಿಗೆ ಕೊಡುವುದಿಲ್ಲ. ನಮಗೆ ಬಗ್ ಟ್ರ್ಯಾಕರ್ ಎಂದರೆ ಕಿರ್ದಿಯೇ. ಮೂಟೆಯ ತೂಕವನ್ನು ಎಷ್ಟು ದಶಮಾಂಶದವರೆಗೆ ಹಿಡಿಯಬೇಕು ಎಂಬ ಬಗ್ಗೆ ಏಳು ವರ್ಷದ ಹಿಂದೆ ಯಾರು ಏನು ಹೇಳಿದರು, ಯಾರು ಬೇಡವೆಂದರು, ಕೊನೆಗೆ ಯಾವ ಗ್ರಾಹಕರ ಒತ್ತಾಯಕ್ಕೆ ಒಪ್ಪಿಕೊಂಡೆವು ಎಂಬುದೆಲ್ಲ ಅಲ್ಲಿನ ಟಿಪ್ಪಣಿಗಳಲ್ಲಿದೆ. ಆ ಟಿಪ್ಪಣಿ ಬರೆದವರಲ್ಲಿ ಅರ್ಧ ಜನ ಬೆಂಗಳೂರು, ಪುಣೆ ಸೇರಿ ಆಗಿದೆ. ಈಗ ಕೇಳಬೇಕೆಂದರೆ ಆ ಟಿಪ್ಪಣಿಯನ್ನೇ ಕೇಳಬೇಕು.

ಇಂಥ ದಾಖಲೆಯನ್ನು ಹೊರಗೆ ಕೊಟ್ಟರೆ ಅದರ ಗತಿ ಮತ್ತೊಬ್ಬರ ತೀರ್ಮಾನಕ್ಕೆ ಬಿಟ್ಟದ್ದು. ಜಿರಾ ಹೊರತಂದ ಅಟ್ಲಾಸಿಯನ್ ಕಂಪನಿಯು ತನ್ನ ಸರ್ವರ್ ಆವೃತ್ತಿಯ ಹೊಸ ಪರವಾನಗಿಗಳನ್ನು ಮಾರುವುದನ್ನು 2021ರ ಫೆಬ್ರುವರಿಯಲ್ಲಿ ನಿಲ್ಲಿಸಿತು. 2024ರ ಫೆಬ್ರುವರಿ 15ಕ್ಕೆ ಅದರ ಬೆಂಬಲವೂ ಮುಗಿಯಿತು. ಹಣ ಕೊಟ್ಟು ಕೊಂಡು, ತಮ್ಮ ಯಂತ್ರದಲ್ಲೇ ನಡೆಸುತ್ತಿದ್ದವರು ಕೂಡ ಕ್ಲೌಡ್‌ಗೋ, ಹೆಚ್ಚು ಬೆಲೆಯ ಡೇಟಾ ಸೆಂಟರ್ ಆವೃತ್ತಿಗೋ, ಇಲ್ಲವೇ ಬೇರೆ ತಂತ್ರಾಂಶಕ್ಕೋ ಗಂಟುಮೂಟೆ ಕಟ್ಟಬೇಕಾಯಿತು. ಕ್ಲೌಡ್‌ಗೆ ಹೋದವರೂ ನಿಶ್ಚಿಂತರಲ್ಲ. 2022ರ ಏಪ್ರಿಲ್‌ನಲ್ಲಿ ಅದೇ ಕಂಪನಿಯ ಒಂದು ನಿರ್ವಹಣಾ ಸ್ಕ್ರಿಪ್ಟ್ ತಪ್ಪಾಗಿ ಓಡಿ, ಸುಮಾರು 775 ಗ್ರಾಹಕರ ತಾಣಗಳನ್ನು ಅಳಿಸಿಹಾಕಿತು. ಕೆಲವರಿಗೆ ಅವು ಮರಳಿ ಸಿಗಲು ಎರಡು ವಾರ ಹಿಡಿಯಿತು. ದತ್ತಾಂಶ ಮರಳಿ ಬಂತು, ನಿಜ. ಆದರೆ ನಮ್ಮಲ್ಲಿ ಎರಡು ವಾರವೆಂದರೆ ಬ್ಯಾಡಗಿಯ ಮೆಣಸಿನಕಾಯಿ ಸುಗ್ಗಿಯ ನಡುಮಧ್ಯೆ ಕೈಕಟ್ಟಿ ಕೂತಂತೆ.

ದೊಡ್ಡ ತಂಡಕ್ಕೆ ಮುಕ್ತ ತಂತ್ರಾಂಶ ತಾಳುವುದಿಲ್ಲ ಎಂಬ ಮಾತಂತೂ ನಿಲ್ಲುವುದಿಲ್ಲ. 1998ರಲ್ಲಿ ಮೊಜಿಲ್ಲಾ ಯೋಜನೆಗಾಗಿ ಹೊರಬಂದ ಬಗ್‌ಜಿಲ್ಲಾ ಎಂಬ ಮುಕ್ತ ಟ್ರ್ಯಾಕರ್‌ನಲ್ಲಿ ಇಂದಿಗೂ ಫೈರ್‌ಫಾಕ್ಸ್‌ನ ದೋಷಗಳನ್ನು ದಾಖಲಿಸುತ್ತಾರೆ. ಅಲ್ಲಿನ ದೋಷ ಸಂಖ್ಯೆ ಹತ್ತು ಲಕ್ಷ ದಾಟಿ ವರ್ಷಗಳೇ ಆದವು. ನಮ್ಮದು ಇನ್ನೂ ಐದಂಕಿಯಲ್ಲಿದೆ. (ಜಿರಾ ಎಂಬ ಹೆಸರು ಕೂಡ ಹುಟ್ಟಿದ್ದು ಬಗ್‌ಜಿಲ್ಲಾದಿಂದಲೇ: ಗಾಡ್ಜಿಲ್ಲಾ ಎಂಬ ಸಿನಿಮಾ ದೈತ್ಯಕ್ಕೆ ಜಪಾನಿನಲ್ಲಿರುವ ಗೊಜಿರಾ ಎಂಬ ಹೆಸರಿನ ಬಾಲವನ್ನು ಹಿಡಿದು ಇಟ್ಟದ್ದು.) ರೆಡ್‌ಮೈನ್ 2006ರಿಂದ ಇದೆ, ಯಾರು ಬೇಕಾದರೂ ಬಳಸಿ ತಿದ್ದಿಕೊಳ್ಳಬಹುದಾದ ಜಿಪಿಎಲ್ ಪರವಾನಗಿಯಲ್ಲಿದೆ, ಡೆವಲಪರ್ ಕೋಡ್ ಒಪ್ಪಿಸುವಾಗ ಸಂದೇಶದಲ್ಲಿ ಬಗ್ ಸಂಖ್ಯೆ ಬರೆದರೆ ಸಾಕು, ಆ ಬದಲಾವಣೆ ತಾನಾಗಿ ಬಗ್‌ನ ಪುಟಕ್ಕೆ ಬಂದು ಅಂಟಿಕೊಳ್ಳುತ್ತದೆ. ನಮ್ಮ ಕೆಲಸಕ್ಕೆ ಇದಕ್ಕಿಂತ ಹೆಚ್ಚಿನದು ಬೇಕಾದದ್ದನ್ನು ನಾನು ಕಂಡಿಲ್ಲ.

ಇನ್ನು ತಲೆಗಿಷ್ಟು ಎಂದು ಕಟ್ಟುವ ಚಂದಾ. ಇದರಲ್ಲಿ ನನಗೆ ಹಣಕ್ಕಿಂತ ಹೆಚ್ಚಾಗಿ ಕಾಡುವುದು ಅದು ಕಲಿಸುವ ಜಿಪುಣತನ. ಬ್ಯಾಡಗಿ, ಗದಗ, ಅಣ್ಣಿಗೇರಿಗಳಲ್ಲಿ ಅಂಗಡಿ ಅಂಗಡಿ ತಿರುಗುವ ನಮ್ಮ ಫೀಲ್ಡ್ ಸಿಬ್ಬಂದಿ ತಿಂಗಳಿಗೆ ಎರಡು ಬಗ್ ಬರೆದರೆ ಹೆಚ್ಚು. ಎರಡು ಬಗ್‌ಗಾಗಿ ಒಂದು ಖಾತೆಗೆ ದುಡ್ಡು ಕಟ್ಟಲು ಯಾವ ಮ್ಯಾನೇಜರ್ ಒಪ್ಪುತ್ತಾರೆ? ಆಗ ಅವರು ವಾಟ್ಸಾಪ್‌ನಲ್ಲಿ ಫೋಟೋ ಕಳಿಸುತ್ತಾರೆ, ಇಲ್ಲಿ ಯಾರೋ ಬಿಡುವಾದಾಗ ಅದನ್ನು ಟೈಪಿಸುತ್ತಾರೆ, ಅಷ್ಟರಲ್ಲಿ ಯಾವ ಅಂಗಡಿ, ಯಾವ ಆವೃತ್ತಿ ಎಂಬುದೆಲ್ಲ ಉದುರಿಹೋಗಿರುತ್ತದೆ. ನಮ್ಮ ಸರ್ವರ್‌ನಲ್ಲಾದರೆ ಇನ್ನೂರನೆಯ ಖಾತೆಯೂ ಪುಕ್ಕಟೆ.

ವಿರೋಧ: ಚಂದಾ ಕಟ್ಟುವುದೇ ಮೇಲು

ಕಿರ್ದಿಯ ಹೋಲಿಕೆ ಚೆನ್ನಾಗಿದೆ, ನಾನೂ ಅದನ್ನೇ ಹಿಡಿಯುತ್ತೇನೆ. ವ್ಯಾಪಾರಿಯ ಕಿರ್ದಿಯನ್ನು ಬರೆಯಲು ಗುಮಾಸ್ತರೊಬ್ಬರು ಇರುತ್ತಾರೆ, ಗೆದ್ದಲು ಹಿಡಿಯದಂತೆ ನೋಡುವವರೂ ಇರುತ್ತಾರೆ. ನಮ್ಮ ರೆಡ್‌ಮೈನ್‌ಗೆ ಯಾರಿದ್ದಾರೆ?

ಎರಡು ವರ್ಷದ ಹಿಂದೆ ಆ ಸರ್ವರ್‌ನ ಡಿಸ್ಕ್ ಕೆಟ್ಟಿತು. ಪ್ರತಿ ರಾತ್ರಿ ಬ್ಯಾಕಪ್ ಆಗುತ್ತಿತ್ತು, ಆದ್ದರಿಂದ ಯಾರೂ ಗಾಬರಿಯಾಗಲಿಲ್ಲ. ಮರುದಿನ ಮಧ್ಯಾಹ್ನದ ಹೊತ್ತಿಗೆ ಎಲ್ಲ ಬಗ್‌ಗಳೂ ಟಿಪ್ಪಣಿಗಳೂ ಮರಳಿ ಬಂದಿದ್ದವು. ಆಮೇಲೆ ನಮ್ಮ ಟೆಸ್ಟರ್ ಒಬ್ಬಳು ಹಳೆಯ ಬಗ್ ಒಂದರಲ್ಲಿದ್ದ ತೂಕದ ಪರದೆಯ ಚಿತ್ರವನ್ನು ಒತ್ತಿದಳು. ಚಿತ್ರದ ಹೆಸರಿತ್ತು, ಸೇರಿಸಿದ ತಾರೀಖಿತ್ತು, ಚಿತ್ರ ಇರಲಿಲ್ಲ. ಮುಂದಿನದೂ ಹಾಗೆಯೇ, ಅದರ ಮುಂದಿನದೂ ಹಾಗೆಯೇ. ರೆಡ್‌ಮೈನ್ ಲಗತ್ತುಗಳನ್ನು ಡೇಟಾಬೇಸ್‌ನಲ್ಲಿ ಇಡುವುದಿಲ್ಲ, ಪ್ರತ್ಯೇಕ ಫೋಲ್ಡರ್‌ನಲ್ಲಿಡುತ್ತದೆ. ಬ್ಯಾಕಪ್ ಸ್ಕ್ರಿಪ್ಟ್ ಬರೆದವರು ಡೇಟಾಬೇಸನ್ನು ಮಾತ್ರ ಬರೆದಿದ್ದರು, ಅದು ಬರೆದ ವರ್ಷದಿಂದ ಒಮ್ಮೆಯೂ ಯಾರೂ ಅದನ್ನು ಮರಳಿ ಹಾಕಿ ಪರೀಕ್ಷಿಸಿರಲಿಲ್ಲ. ಇದರಲ್ಲಿ ರೆಡ್‌ಮೈನ್‌ನ ತಪ್ಪೇನೂ ಇಲ್ಲ, ಅದರ ಕೈಪಿಡಿಯಲ್ಲಿ ಎರಡನ್ನೂ ಬ್ಯಾಕಪ್ ಮಾಡಿ ಎಂದೇ ಇದೆ. ತಪ್ಪು ನಮ್ಮದು. ನಮ್ಮ ಕೆಲಸ ದಲಾಲಿ ಅಂಗಡಿಯ ಲೆಕ್ಕ ಬರೆಯುವ ತಂತ್ರಾಂಶ ಮಾಡುವುದು. ಟ್ರ್ಯಾಕರ್ ಸಾಕುವುದು ಎಲ್ಲರಿಗೂ ಎರಡನೆಯ ಕೆಲಸ, ಎರಡನೆಯ ಕೆಲಸ ಸುಗ್ಗಿಯಲ್ಲಿ ಯಾರಿಂದಲೂ ಆಗುವುದಿಲ್ಲ.

ಅಪ್‌ಗ್ರೇಡ್ ವಿಷಯವೂ ಇದೇ. ನಾವು ಆರು ಪ್ಲಗಿನ್ (ಬೇರೆಯವರು ಬರೆದ ಸೇರ್ಪಡೆ ತಂತ್ರಾಂಶ) ಹಾಕಿಕೊಂಡಿದ್ದೇವೆ, ಅವುಗಳಲ್ಲಿ ಎರಡನ್ನು ಬರೆದವರು ಕೈಬಿಟ್ಟಿದ್ದಾರೆ. ರೆಡ್‌ಮೈನ್‌ನ ದೊಡ್ಡ ಆವೃತ್ತಿ ಬದಲಾದಾಗ ಅದರ ಕೆಳಗಿರುವ ರೈಲ್ಸ್ ಎಂಬ ಚೌಕಟ್ಟು ಬದಲಾಗುತ್ತದೆ, ರೈಲ್ಸ್ ಬದಲಾದರೆ ಹಳೆಯ ಪ್ಲಗಿನ್ ಮುರಿಯುತ್ತದೆ. ಆದ್ದರಿಂದಲೇ ನಾವು ಹಳೆಯದರಲ್ಲಿ ಉಳಿದೆವು. ಭದ್ರತಾ ತೇಪೆಗಳು ಬರುವುದು ನಿಂತ ಆವೃತ್ತಿಯಲ್ಲಿ ಗ್ರಾಹಕರ ಫೋನ್ ಸಂಖ್ಯೆಗಳಿರುವ ಪರದೆಚಿತ್ರಗಳನ್ನು ಇಟ್ಟುಕೊಂಡು ಕೂತಿದ್ದೇವೆ. ವೈಯಕ್ತಿಕ ದತ್ತಾಂಶ ರಕ್ಷಣೆಗೆ 2023ರಲ್ಲಿ ಬಂದ ಕಾಯ್ದೆಯ ಪ್ರಕಾರ ಆ ದತ್ತಾಂಶವನ್ನು ಬೇರೆಯವರ ಕೈಯಲ್ಲಿ ಸಂಸ್ಕರಿಸಿದರೂ ಹೊಣೆ ನಮ್ಮದೇ, ನಮ್ಮ ಕೋಣೆಯಲ್ಲಿಟ್ಟರೂ ನಮ್ಮದೇ. ಕೋಣೆಯೊಳಗಿದೆ ಎಂಬ ಕಾರಣಕ್ಕೇ ಅದು ಸುರಕ್ಷಿತವಾಗುವುದಿಲ್ಲ.

ಬಗ್‌ಜಿಲ್ಲಾದ ಹಿರಿಮೆಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದನ್ನು ಸಾಕಲು ಮೊಜಿಲ್ಲಾದಲ್ಲಿ ಜನರಿದ್ದಾರೆ. ಹಾಗೆ ಸಾಕಬಲ್ಲವರೂ ಬಿಟ್ಟುಹೋಗುತ್ತಿದ್ದಾರೆ ಎಂಬುದನ್ನು ಗಮನಿಸಬೇಕು: ಕಂಪೈಲರ್ ಸಾಧನಗಳನ್ನು ಮಾಡುವ ಎಲ್‌ಎಲ್‌ವಿಎಂ ಯೋಜನೆ 2021ರ ಕೊನೆಗೆ ಬಗ್‌ಜಿಲ್ಲಾ ಬಿಟ್ಟು ಗಿಟ್‌ಹಬ್ ಎಂಬ ಕ್ಲೌಡ್ ಸೇವೆಗೆ ಹೋಯಿತು, ಪೈಥಾನ್ ಭಾಷೆಯ ಯೋಜನೆ 2022ರ ಏಪ್ರಿಲ್‌ನಲ್ಲಿ ತನ್ನ ಸ್ವಂತ ಟ್ರ್ಯಾಕರ್ ಮುಚ್ಚಿ ಅಲ್ಲಿಗೇ ಹೋಯಿತು, ರೆಡ್ ಹ್ಯಾಟ್ ಕಂಪನಿ ತನ್ನ ಮುಖ್ಯ ಲಿನಕ್ಸ್‌ನ ದೋಷಗಳನ್ನು 2023ರಲ್ಲಿ ಬಗ್‌ಜಿಲ್ಲಾದಿಂದ ಜಿರಾಗೆ ಸಾಗಿಸಿತು.

ಫೀಲ್ಡ್ ಸಿಬ್ಬಂದಿಯ ಮಾತು ಮಾತ್ರ ತೂಕದ್ದು. ಹೋದ ಸುಗ್ಗಿಯಲ್ಲಿ ಮೂಟೆಗೆ 50 ಗ್ರಾಂ ವ್ಯತ್ಯಾಸ ಬರುತ್ತಿದೆ ಎಂದು ಬ್ಯಾಡಗಿಯಿಂದ ಹನ್ನೊಂದು ದೂರುಗಳು ಬಂದವು. ನೂರು ಮೂಟೆಗೆ ಐದು ಕಿಲೋ. ರೈತರು ಅಂಗಡಿಯವರ ಮೇಲೆ, ಅಂಗಡಿಯವರು ನಮ್ಮ ಮೇಲೆ ಸಿಟ್ಟಾದದ್ದು ಸಹಜ. ನಮ್ಮ ಫೀಲ್ಡ್ ಸಿಬ್ಬಂದಿಗೆಲ್ಲ ರೆಡ್‌ಮೈನ್‌ನಲ್ಲಿ ಪುಕ್ಕಟೆ ಖಾತೆ ಇತ್ತು, ಆದರೂ ಹನ್ನೊಂದರಲ್ಲಿ ಒಂಬತ್ತು ದೂರು ವಾಟ್ಸಾಪ್‌ನಲ್ಲೇ ಬಂದವು. ಪೇಟೆಯಲ್ಲಿ ನಿಂತುಕೊಂಡು ಫೋನಿನಲ್ಲಿ ಆ ಫಾರ್ಮ್ ತುಂಬಲು ಆಗುವುದಿಲ್ಲ, ನಮ್ಮ ಸರ್ವರ್‌ಗೆ ಹೊರಗಿನಿಂದ ಬರಲು ವಿಪಿಎನ್ ಎಂಬ ಸುರಕ್ಷಿತ ಸಂಪರ್ಕ ಬೇರೆ ಬೇಕು. ಜಿರಾ ಬಳಗದ ಸರ್ವಿಸ್ ಮ್ಯಾನೇಜ್‌ಮೆಂಟ್‌ನಲ್ಲಿ ದೂರು ಕೊಡುವವರಿಗೆ ಚಂದಾ ಇಲ್ಲ, ಉತ್ತರಿಸುವವರಿಗೆ ಮಾತ್ರ ಇದೆ. ಅದಕ್ಕೆ ಪ್ರತ್ಯೇಕ ಬಿಲ್ಲು ಬರುತ್ತದೆಂಬುದನ್ನು ಮುಚ್ಚಿಡುವುದಿಲ್ಲ.

ಜಿರಾದ ರೋಗವೂ ನನಗೆ ಗೊತ್ತು. ಮೊದಲು ಕೆಲಸ ಮಾಡಿದ ಕಂಪನಿಯಲ್ಲಿ ಪ್ರತಿಯೊಬ್ಬ ಮ್ಯಾನೇಜರ್ ತನಗೊಂದು ಕಡ್ಡಾಯ ಕಾಲಂ ಸೇರಿಸುತ್ತ ಹೋಗಿ, ಒಂದು ಬಗ್ ದಾಖಲಿಸಲು ಇಪ್ಪತ್ಮೂರು ಕಾಲಂ ತುಂಬಬೇಕಿತ್ತು. ನಾವೆಲ್ಲ ಹದಿನೆಂಟರಲ್ಲಿ ಅಡ್ಡಗೆರೆ ಹಾಕುತ್ತಿದ್ದೆವು. ಆದ್ದರಿಂದ ಚಂದಾ ಕಟ್ಟುವುದಾದರೆ ಎರಡು ಷರತ್ತು: ಕಾಲಂ ಸೇರಿಸುವ ಅಧಿಕಾರ ಒಬ್ಬರಿಗೇ ಇರಲಿ, ಮತ್ತು ಪ್ರತಿ ಭಾನುವಾರ ರಾತ್ರಿ ಎಪಿಐ (ಒಂದು ತಂತ್ರಾಂಶದಿಂದ ಇನ್ನೊಂದು ದತ್ತಾಂಶ ಪಡೆಯುವ ದಾರಿ) ಮೂಲಕ ಎಲ್ಲ ಬಗ್‌ಗಳ ಪ್ರತಿ, ಈ ಸಲ ಲಗತ್ತುಗಳ ಸಮೇತ, ನಮ್ಮ ಡಿಸ್ಕ್‌ಗೆ ಬರಲಿ. 775 ಗ್ರಾಹಕರ ಪಾಡು ನಮಗೆ ಬಂದರೆ ಬರೆಯುವುದು ನಿಲ್ಲಬಹುದು, ಓದುವುದು ನಿಲ್ಲುವುದಿಲ್ಲ.

ಇಷ್ಟಾದ ಮೇಲೂ ಸರ್ವರ್ ನಮ್ಮಲ್ಲೇ ಇರಲಿ ಎನ್ನುವವರು ರೆಡ್‌ಮೈನ್ ಉಳಿಸಿಕೊಳ್ಳುವ ತಮ್ಮ ಪ್ರಸ್ತಾವದ ಎರಡನೆಯ ಪುಟದಲ್ಲಿ ‘ನಿರ್ವಹಣೆ’ ಎಂದಿರುವ ಕಡೆ ಒಬ್ಬರ ಹೆಸರನ್ನೂ, ಅವರು ರಜೆ ಹಾಕಿದಾಗ ನೋಡಿಕೊಳ್ಳುವ ಇನ್ನೊಬ್ಬರ ಹೆಸರನ್ನೂ ಬರೆದುಕೊಡಲಿ, ನಾನೂ ಸಹಿ ಹಾಕುತ್ತೇನೆ. ಪ್ರಸ್ತಾವ ಮೂರು ಸಲ ತಿದ್ದುಪಡಿಯಾಗಿ ಬಂದಿದೆ. ಆ ಜಾಗ ಇನ್ನೂ ಖಾಲಿಯಿದೆ.