ಮೂರನೆಯ ಹೆಜ್ಜೆಗೆ ಜಾಗವೆಲ್ಲಿ

ಹೋದ ಭಾನುವಾರ ಬೆಳಿಗ್ಗೆ, ಹಳೆಯ ಕಾರುಗಳವರು ವಾರಕ್ಕೊಮ್ಮೆ ಸೇರುವ ಬಯಲಿನಲ್ಲಿ, ನಾನು ನನ್ನ ಕಾರಿನಿಂದ ಇಳಿಯುತ್ತಿದ್ದೆ. ಇಳಿಯುತ್ತಿದ್ದೆ ಎಂಬುದು ಮರ್ಯಾದೆಗಾಗಿ ಹೇಳಿದ ಮಾತು. ಎಡಗಾಲು ಹೇಗೋ ಹೊರಬಂದು ನೆಲ ಮುಟ್ಟಿತ್ತು. ಬಲಮೊಣಕಾಲು ಸ್ಟಿಯರಿಂಗ್ ಚಕ್ರದ ಅಡಿಯಲ್ಲಿ ಸಿಕ್ಕಿಕೊಂಡಿತ್ತು. ತಲೆ ಇನ್ನೂ ಚಾವಣಿಯ ಒಳಗಿತ್ತು. ಆ ಹೊತ್ತಿಗೆ ಸರಿಯಾಗಿ, ಕಾಫಿ ಲೋಟ ಹಿಡಿದ ಹಿರಿಯರೊಬ್ಬರು ಎದುರಿಗೆ ಬಂದು ನಿಂತು, ಕಾರನ್ನೊಮ್ಮೆ ನನ್ನನ್ನೊಮ್ಮೆ ನೋಡಿ, "ಈ ಕಾರು ನಿಮಗೆ ತುಸು ಚಿಕ್ಕದಾಯಿತಲ್ಲವೇ?" ಎಂದು ಕೇಳಿದರು.

ಆರಡಿ ಮೂರಂಗುಲದ ಮನುಷ್ಯನಿಗೆ ತಾನು ಎತ್ತರವಾಗಿರುವ ಸುದ್ದಿ ಹದಿನಾರನೆಯ ವಯಸ್ಸಿನಲ್ಲಿಯೇ ತಲುಪಿರುತ್ತದೆ ಎಂಬುದನ್ನು ಲೋಕ ಏಕೆ ನಂಬುವುದಿಲ್ಲವೋ ನನಗೆ ತಿಳಿಯದು. ಊರಿನಲ್ಲಿದ್ದಾಗ ಮದುವೆಮನೆಗಳಲ್ಲಿ ತೋರಣ ಕಟ್ಟಲು ಏಣಿಯ ಬದಲು ನನ್ನನ್ನು ಹುಡುಕುತ್ತಿದ್ದರು. ತೋಟದಲ್ಲಿ ಕಂಡರೆ ದೋಟಿ ಬೇಡವೆಂದು ನಗುತ್ತಿದ್ದರು. ಕ್ಯಾಲಿಫೋರ್ನಿಯಾಕ್ಕೆ ಬಂದು ಮೂವತ್ತು ವರ್ಷಗಳಾದ ಮೇಲೂ ಅದೇ ಸುದ್ದಿಯನ್ನು ಕಾಫಿ ಲೋಟದವರು ಬಂದು ತಿಳಿಸುತ್ತಾರೆ. ನಾನು ನಕ್ಕೆ. ಮೊಣಕಾಲು ಬಿಡಿಸಿಕೊಳ್ಳುವವರೆಗೆ ನಗುವುದನ್ನು ಬಿಟ್ಟು ಬೇರೆ ದಾರಿಯಿರಲಿಲ್ಲ.

ಇದೇ ಪ್ರಶ್ನೆಯನ್ನು ನನ್ನ ಹೆಂಡತಿ ಇನ್ನೊಂದು ರೀತಿಯಲ್ಲಿ ಕೇಳುತ್ತಾಳೆ, ಮತ್ತು ಅವಳ ರೀತಿಗೆ ಉತ್ತರ ಕೊಡುವುದು ಕಷ್ಟ. "ಈ ದೇಶದಲ್ಲಿ ಹಡಗಿನಂಥ ಕಾರುಗಳಿವೆಯಲ್ಲ ರೀ, ನಿಮಗೆ ಇದೇ ಏಕೆ ಬೇಕಾಯಿತು?" ಈ ಬರಹದ ಕೊನೆಯೊಳಗೆ ಅವಳಿಗೆ ಒಂದು ಸರಿಯಾದ ಉತ್ತರ ಹೇಳಿಬಿಡಬೇಕೆಂದಿದ್ದೇನೆ.

ಕಾರು 1930ರ ದಶಕದ ಅಮೆರಿಕನ್ ಆಸ್ಟಿನ್. ಮೋಟಾರ್ ಸೈಕಲ್ಲಿಗೆ ತೊಟ್ಟಿಲು ಕಟ್ಟಿಕೊಂಡು ಸಂಸಾರ ಸಾಗಿಸುತ್ತಿದ್ದ ಇಂಗ್ಲೆಂಡಿನ ಬಡವರಿಗಾಗಿ ಹರ್ಬರ್ಟ್ ಆಸ್ಟಿನ್ 1922ರಲ್ಲಿ ಹೊರತಂದ ಆಸ್ಟಿನ್ ಸೆವೆನ್ ಎಂಬ ಗುಬ್ಬಿಮರಿಯನ್ನು ಪೆನ್ಸಿಲ್ವೇನಿಯಾದ ಬಟ್ಲರ್ ಊರಿನಲ್ಲಿ ಅಮೆರಿಕದವರಿಗಾಗಿ ಮತ್ತೆ ಕಟ್ಟಿದರು. ಅಮೆರಿಕದವರು ಅದನ್ನು ಕಂಡು ನಕ್ಕರೇ ಹೊರತು ಹೆಚ್ಚು ಕೊಳ್ಳಲಿಲ್ಲ. ಕೊನೆಗೆ ಅದನ್ನು ಪ್ರೀತಿಸಿದವರು 1960ರ ದಶಕದ ಡ್ರ್ಯಾಗ್ ರೇಸಿನವರು, ಅಂದರೆ ನೆಟ್ಟನೆಯ ಹಾದಿಯಲ್ಲಿ ಕ್ಷಣಗಳಲ್ಲಿ ಮುಗಿಯುವ ಓಟದವರು. ಹಗುರವಾದ ಪುಟ್ಟ ಬಾಡಿಯೊಳಗೆ ಎಂಟು ಸಿಲಿಂಡರಿನ ದೊಡ್ಡ ವಿ8 ಎಂಜಿನ್ ತುರುಕಿದರೆ ಏನಾಗುತ್ತದೆಂದು ಅವರಿಗೆ ಗೊತ್ತಿತ್ತು. ಆ ಕಾರಿನ ಮುಂಗಾಲಿಯ ನಡುವಿನಿಂದ ಹಿಂಗಾಲಿಯ ನಡುವಿನವರೆಗೆ 75 ಅಂಗುಲ. ನನ್ನ ಎತ್ತರವೂ 75 ಅಂಗುಲ. ಜಾತಕ ಇಷ್ಟು ಚೆನ್ನಾಗಿ ಕೂಡಿಬಂದಿದೆ ಎಂದು ನಾನು ಸಂಭ್ರಮದಿಂದ ಹೇಳಿದಾಗ, "ಹಾಗಾದರೆ ಒಳಗೆ ಮಲಗಿಕೊಂಡು ಓಡಿಸಿ" ಎಂದಳು ನನ್ನ ಹೆಂಡತಿ.

ಹೀಗೆ ದೊಡ್ಡ ಎಂಜಿನ್ ತುರುಕಿದ ಹಳೆಯ ಕಾರಿಗೆ ಇಲ್ಲಿ ಹಾಟ್ ರಾಡ್ ಎನ್ನುತ್ತಾರೆ. ಯಾರೋ ಅರ್ಧ ಕಟ್ಟಿ ಬಿಟ್ಟಿದ್ದ ಅಂಥ ಕಾರನ್ನು ನಾನು ಕೊಂಡಿದ್ದೇನೆ. ಆ ಯಾರೋ ಗಿಡ್ಡನೆಯ ಮನುಷ್ಯನಾಗಿದ್ದಿರಬೇಕು. ಚೌಕಟ್ಟಿನ ಮೇಲೆ ಕೂರಬೇಕಾದ ಬಾಡಿಯನ್ನು ಆತ ಚೌಕಟ್ಟಿನ ಸುತ್ತ ಕೆಳಗಿಳಿಸಿ ಚಾನೆಲ್ ಮಾಡಿದ್ದಾನೆ. ಅದರಿಂದ ಹೊರಗಿನವರ ಕಣ್ಣಿಗೆ ಕಾರು ನೆಲಕ್ಕಂಟಿದ ಹಾಗೆ ಕಾಣುತ್ತದೆ, ಒಳಗೆ ಕೂತವನಿಗೆ ನೆಲವೇ ಮೇಲೆದ್ದು ಬರುತ್ತದೆ. ಅದೂ ಸಾಲದೆಂಬಂತೆ ಚಾವಣಿಯ ಕಂಬಗಳಲ್ಲಿ 3 ಅಂಗುಲ ಕತ್ತರಿಸಿ ತೆಗೆದು ಮತ್ತೆ ಬೆಸುಗೆ ಹಾಕಿದ್ದಾನೆ. ಕೆಳಗಿನಿಂದ ನೆಲ, ಮೇಲಿನಿಂದ ಚಾವಣಿ, ನಡುವೆ ನಾನು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದವರು ಕಾಲು ಕಡಿಮೆಯಿದ್ದವರೇ ಇರಬೇಕೆಂಬುದು ನನ್ನ ಬಹುದಿನದ ಗುಮಾನಿ. ಕಾಲು ಇದ್ದಷ್ಟು ಹಾಸಿಗೆ ಹೊಲಿಸು ಎಂದು ಯಾವ ಅಜ್ಜನೂ ಹೇಳಿದ್ದನ್ನು ನಾನು ಕೇಳಿಲ್ಲ.

ಕೆಲಸದಲ್ಲಿ ನನ್ನ ಗುರು ನೆರೆಮನೆಯ ಗೆಳೆಯ. ನಿವೃತ್ತ ವೆಲ್ಡರ್; ಐದಡಿ ಆರಂಗುಲ. ಕೂರುವ ಮನುಷ್ಯನ ಒಟ್ಟು ಎತ್ತರವನ್ನು ಅಳೆಯುವವನು ಮೂರ್ಖ, ಕೂತಾಗ ಅಂಡಿನಿಂದ ನೆತ್ತಿಗೆ ಎಷ್ಟು, ಬೆನ್ನಿನಿಂದ ಮೊಣಕಾಲಿಗೆ ಎಷ್ಟು, ಮೊಣಕಾಲಿನಿಂದ ಹಿಮ್ಮಡಿಗೆ ಎಷ್ಟು ಎಂಬುದೇ ಲೆಕ್ಕ ಎಂಬುದು ಆತನ ಮೊದಲ ಪಾಠ. ಆ ಪಾಠಕ್ಕಾಗಿ ನನ್ನನ್ನು ಗ್ಯಾರೇಜಿನ ನೆಲದ ಮೇಲೆ ಒಂದು ಮಗ್ಗುಲಾಗಿ, ಕಾರಿನಲ್ಲಿ ಕೂತ ಭಂಗಿಯಲ್ಲಿ ಮಲಗಿಸಿ, ಕೈಗಳು ಇಲ್ಲದ ಸ್ಟಿಯರಿಂಗನ್ನು ಹಿಡಿದಿರುವಾಗ, ಸುತ್ತಲೂ ಸೀಮೆಸುಣ್ಣದ ಗೆರೆ ಎಳೆದ. ಅಂಗಡಿಯಿಂದ ಮರಳಿದ ನನ್ನ ಹೆಂಡತಿ ಗ್ಯಾರೇಜಿನ ಬಾಗಿಲು ತೆರೆದಾಗ ನಾವಿಬ್ಬರೂ ಒಳಗೆ ಚಹಾ ಕುಡಿಯುತ್ತಿದ್ದೆವು. ಅವಳಿಗೆ ಕಂಡದ್ದು ಕೊಲೆ ನಡೆದ ಜಾಗದಲ್ಲಿ ಪೊಲೀಸರು ಬರೆದಿಡುವಂಥ ಆಕೃತಿ ಮಾತ್ರ. ಅವಳು ಕೂಗಿಕೊಳ್ಳಲಿಲ್ಲ ಎಂಬುದು ನನಗೆ ಇಂದಿಗೂ ಸ್ವಲ್ಪ ಬೇಸರದ ಸಂಗತಿ. ಆ ಗೆರೆ ಇನ್ನೂ ಇದೆ. ಕಾರನ್ನು ಅದರ ಮೇಲೆ ನಿಲ್ಲಿಸಿ ಬಾಡಿಯ ಹೊರಮೈಯಿಂದ ದಾರಕ್ಕೆ ಕಟ್ಟಿದ ಗುಂಡು ಇಳಿಬಿಟ್ಟು ನೋಡಿದಾಗ, ಸೀಮೆಸುಣ್ಣದ ನನ್ನ ಪಾದಗಳು ಎಂಜಿನ್ನಿನ ಹಿಂಭಾಗದೊಳಗೆ ಆರಾಮವಾಗಿ ನೆಲೆಸಿದ್ದವು.

ಇದಕ್ಕೆ ಕಾರಣ ಷೆವರ್ಲೆಯವರು. ನಾನು ಕೊಂಡದ್ದು 1955ರಿಂದ ಬಂದ ಅವರ ಸ್ಮಾಲ್ ಬ್ಲಾಕ್ ಎಂಬ ವಿ8 ಎಂಜಿನ್. ಕಿಡಿಯ ವಿದ್ಯುತ್ತನ್ನು ಸಿಲಿಂಡರುಗಳಿಗೆ ಹಂಚುವ ಅದರ ಡಿಸ್ಟ್ರಿಬ್ಯೂಟರ್ ಹಿಂತುದಿಯಲ್ಲಿದೆ. ಅದಕ್ಕೆ ಜಾಗ ಬಿಡಲು ಎಂಜಿನ್ನಿಗೂ ಕೂರುವವನಿಗೂ ನಡುವಿನ ಫೈರ್‌ವಾಲ್ ತಗಡನ್ನು ಒಳಕ್ಕೆ ತಗ್ಗಿಸಬೇಕು, ಮತ್ತು ಒಳಕ್ಕೆ ಎಂದರೆ ನನ್ನ ಕಾಲುಬೆರಳುಗಳ ಕಡೆಗೆ. ಫೋರ್ಡ್ ಸ್ಮಾಲ್ ಬ್ಲಾಕಿನಲ್ಲಿ ಅದು ಮುಂದುಗಡೆ ಇದೆ. ಮೊದಲೇ ಹೇಳಬಾರದಿತ್ತೇ ಎಂದು ಗೆಳೆಯನನ್ನು ಕೇಳಿದೆ. "ನೀನು ಎಂಜಿನ್ ಕೊಂಡ ಮೇಲಲ್ಲವೇ ನನಗೆ ತೋರಿಸಿದ್ದು" ಎಂದ.

ಹೀಗೆ ಕಾಲುಗಳ ವ್ಯವಹಾರ ಕೆಟ್ಟಿದ್ದರಿಂದ ತಲೆಯ ವ್ಯವಹಾರವನ್ನಾದರೂ ಸುಧಾರಿಸೋಣವೆಂದು ಹೊರಟಾಗಲೇ ನನಗೆ ಡ್ಯಾನ್ ಗರ್ನಿ ನೆನಪಾದದ್ದು. ರೇಸ್ ಚಾಲಕರೆಂದರೆ ಸಾಮಾನ್ಯವಾಗಿ ಮಡಚಿ ಜೇಬಿನಲ್ಲಿಡಬಹುದಾದ ಗಾತ್ರದವರು. ಗರ್ನಿ ಆರಡಿ ನಾಲ್ಕಂಗುಲ. ನನಗಿಂತ ಒಂದಂಗುಲ ಹೆಚ್ಚು, ಆದ್ದರಿಂದ ನನಗೆ ಹಿರಿಯಣ್ಣ. ತಂದೆ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಆಪೆರಾದಲ್ಲಿ ಗಾಯಕರು. ಮಗ ಕ್ಯಾಲಿಫೋರ್ನಿಯಾದ ರಿವರ್‌ಸೈಡಿಗೆ ಬಂದು, ಸಂಗೀತ ಬಿಟ್ಟು, ಗ್ಯಾರೇಜು ಹಿಡಿದು, ಹತ್ತೊಂಬತ್ತನೆಯ ವಯಸ್ಸಿನಲ್ಲಿ ತಾನೇ ಕಟ್ಟಿದ ಕಾರನ್ನು ಬಾನೆವಿಲ್ ಉಪ್ಪುಬಯಲಿನಲ್ಲಿ ಗಂಟೆಗೆ 138 ಮೈಲಿ ಓಡಿಸಿದ. ಅಂದರೆ ಆತ ನಮ್ಮವನೇ. ಮುಂದೆ 1967ರ ಜೂನ್ ತಿಂಗಳಲ್ಲಿ ಫ್ರಾನ್ಸಿನ ಲೆ ಮಾನ್ಸ್‌ನ 24 ಗಂಟೆಗಳ ಓಟಕ್ಕೆ ಫೋರ್ಡ್ ಮಾರ್ಕ್ 4 ಕಾರು ಸಿದ್ಧವಾಯಿತು. ಅದರ ಅಣ್ಣನ ಹೆಸರು ಜಿಟಿ40. 40 ಎಂದರೆ ನೆಲದಿಂದ ಚಾವಣಿಗಿದ್ದ ಅಂಗುಲಗಳ ಲೆಕ್ಕ, ನನ್ನ ಸೊಂಟದ ಆಸುಪಾಸು. ಶಿರಸ್ತ್ರಾಣ ತೊಟ್ಟ ಗರ್ನಿ ಆ ಮಾರ್ಕ್ 4ರೊಳಗೆ ಕೂತಾಗ ಬಾಗಿಲು ತಲೆಯ ಮೇಲೆ ಮುಚ್ಚಿಕೊಳ್ಳಲಿಲ್ಲ. ಆಗ ಕಾರು ಕಟ್ಟಿದವರು ಏನು ಮಾಡಿದರೆಂಬುದು ಮುಖ್ಯ. ಗರ್ನಿಗೆ ಬಗ್ಗಲು ಹೇಳಲಿಲ್ಲ. ಫಿಲ್ ರೆಮಿಂಗ್ಟನ್ ಎಂಬ ಮಹಾನುಭಾವರು ಚಾವಣಿಯಲ್ಲಿಯೇ, ಬೋಗುಣಿಯನ್ನು ಮಗುಚಿಟ್ಟಂತೆ, ಒಂದು ಉಬ್ಬು ಎಬ್ಬಿಸಿಕೊಟ್ಟರು.

ಆ ಕೆಂಪು ಕಾರು ಈಗ ಡಿಯರ್‌ಬಾರ್ನ್‌ನ ಹೆನ್ರಿ ಫೋರ್ಡ್ ವಸ್ತುಸಂಗ್ರಹಾಲಯದಲ್ಲಿದೆ. ಅಲ್ಲಿಗೆ ಹೋದಾಗ ನನ್ನ ಹೆಂಡತಿ ಉಗಿಬಂಡಿಗಳನ್ನೂ ಕುರ್ಚಿಗಳನ್ನೂ ಅಡುಗೆ ಒಲೆಗಳನ್ನೂ ನೋಡಿ, ಊಟ ಮುಗಿಸಿ ಬಂದಾಗಲೂ ನಾನು ಆ ಉಬ್ಬಿನ ಮುಂದೆಯೇ ನಿಂತಿದ್ದೆ. ಗರ್ನಿಯೂ ಫಾಯ್ಟ್ ಎಂಬ ಜೊತೆಗಾರನೂ ಆ ಕಾರಿನಲ್ಲಿ 5,232 ಕಿಲೋಮೀಟರ್ ಓಡಿ ಗೆದ್ದರು. ಗೆದ್ದವರ ಕಟ್ಟೆಯ ಮೇಲೆ ನಿಂತು ಗರ್ನಿ ಷಾಂಪೇನನ್ನು ಕುಡಿಯುವ ಬದಲು ಎಲ್ಲರ ಮೇಲೆ ಎರಚಿದ. ಇಂದು ಯಾವ ಓಟ ಗೆದ್ದವರೂ ಅದನ್ನೇ ಮಾಡುತ್ತಾರೆ, ಒಳ್ಳೆಯ ಪಾನೀಯ ಹಾಳಾಗುತ್ತದೆ. ಒಂದೇ ವಾರದ ಬಳಿಕ ಬೆಲ್ಜಿಯಂನಲ್ಲಿ ಈಗಲ್ ಎಂಬ ತನ್ನದೇ ಕಾರಿನಲ್ಲಿ ಮತ್ತೆ ಗೆದ್ದ. ಮುಪ್ಪಿನಲ್ಲಿಯೂ ಸುಮ್ಮನಿರದೆ, ಸವಾರ ಮೇಲೆ ಕೂರದೆ ತಗ್ಗಿನಲ್ಲಿ ಕಾಲು ಮುಂದೆ ಚಾಚಿ ಕೂರುವ ಅಲಿಗೇಟರ್ ಎಂಬ ಮೋಟಾರ್ ಸೈಕಲ್ಲನ್ನೂ ಕಟ್ಟಿದ. ಇಷ್ಟೆಲ್ಲವನ್ನೂ ನಾನು ನಿಂತಲ್ಲಿಯೇ ಹೆಂಡತಿಗೆ ವಿವರಿಸಿದೆ. ಅವಳು, "ಕಾಲು ನೋಯುತ್ತಿಲ್ಲವೇ ನಿಮಗೆ?" ಎಂದಳು.

ಮನೆಗೆ ಬಂದವನೇ ನಮ್ಮ ಆಸ್ಟಿನ್ನಿಗೂ ಒಂದು ಗರ್ನಿ ಉಬ್ಬು ಎಬ್ಬಿಸೋಣ ಎಂದೆ. ಗೆಳೆಯ ವೆಲ್ಡಿಂಗ್ ಟಾರ್ಚನ್ನು ಕೆಳಗಿಟ್ಟ. ಹಿಂದಿನವನು 3 ಅಂಗುಲ ತೆಗೆದ ಮೇಲೆ ಬಂದಿರುವ ಚಾವಣಿಯ ಗೆರೆಯನ್ನು ಕೈಯಿಂದ ಸವರಿ ತೋರಿಸಿ, ಇದನ್ನು ಕೆಡಿಸುವುದಾದರೆ ನಾಳೆಯಿಂದ ಈ ಗ್ಯಾರೇಜಿಗೆ ಕಾಲಿಡುವುದಿಲ್ಲವೆಂದ. ಐದಡಿ ಆರಂಗುಲದವರಿಗೆ ಸೌಂದರ್ಯಪ್ರಜ್ಞೆ ಎಷ್ಟು ಸುಲಭವಾಗಿ ಬರುತ್ತದೆ! ಗೆರೆಯನ್ನು ಹೊರಗಿನಿಂದ ನೋಡುವವನು ಅವನು. ಒಳಗಿನಿಂದ ನೆತ್ತಿಯಲ್ಲಿ ಅರಿಯುವವನು ನಾನು. ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಎಂಬ ಗಾದೆಯನ್ನು ಅವನಿಗೆ ಇಂಗ್ಲಿಷಿನಲ್ಲಿ ವಿವರಿಸಲು ಹೋಗಿ ಸೋತೆ. ಬೆಸುಗೆ ಬರುವವನು ಅವನೊಬ್ಬನೇ ಆದ್ದರಿಂದ ಉಬ್ಬಿನ ಮಾತನ್ನು ಅಲ್ಲಿಗೆ ಕೈಬಿಟ್ಟೆ.

ಮೇಲೆ ಹೋಗಲಾಗದಿದ್ದರೆ ಕೆಳಗೆ ಹೋಗಬೇಕು. ಸೀಟಿನ ಸ್ಪ್ರಿಂಗುಗಳನ್ನು ಕಿತ್ತು ಅಲ್ಯೂಮಿನಿಯಂ ತಗಡು ಹಾಕಿದೆವು. ನನ್ನ ಕುಂಡೆಯ ಕೆಳಗಿನ ನೆಲವನ್ನಷ್ಟೇ ಕತ್ತರಿಸಿ, ಚೌಕಟ್ಟಿನ ಎರಡು ಪಟ್ಟಿಗಳ ನಡುವೆ ಬಾಣಲೆಯ ಹಾಗೆ ತಗ್ಗು ಮಾಡಿದೆವು. ಒರಗನ್ನು ಹಿಂದಿನ ಗೋಡೆಗೆ ಅಂಟಿಸಿದೆವು. ಅಲ್ಲಿದ್ದ ಪೆಟ್ರೋಲ್ ಟ್ಯಾಂಕು ಇನ್ನೂ ಹಿಂದಕ್ಕೆ ಹೋಯಿತು. ಸ್ಟಿಯರಿಂಗ್ ಚಕ್ರವನ್ನು ಚಿಕ್ಕದು ಮಾಡಿ, ಹತ್ತುವಾಗ ಇಳಿಯುವಾಗ ಕಳಚಿ ಕೈಯಲ್ಲಿ ಹಿಡಿಯುವಂತೆ ಮಾಡಿದ್ದೇವೆ. ಭಾನುವಾರ ಅದನ್ನು ಕಳಚಲು ನಾನು ಮರೆತಿದ್ದೆ, ಅಷ್ಟೇ.

ಉಳಿದದ್ದು ಪಾದಗಳು. ಪೆಡಲುಗಳಿರುವ ಗುಂಡಿಯ ಅಗಲ ಒಂದು ಗೇಣಿಗೆ ತುಸು ಹೆಚ್ಚು. ಅದರೊಳಗೆ ಕ್ಲಚ್ಚು, ಬ್ರೇಕು, ಆಕ್ಸಿಲರೇಟರು ಎಂಬ ಮೂವರ ವಾಸ. ನನ್ನ ಪಾದಕ್ಕೆ ಇಲ್ಲಿನ 13ನೆಯ ನಂಬರಿನ ಬೂಟು ಬೇಕು. ವಾಮನ ಎರಡು ಹೆಜ್ಜೆಗಳಲ್ಲಿ ಭೂಮಿಯನ್ನೂ ಆಕಾಶವನ್ನೂ ಮುಗಿಸಿ ಮೂರನೆಯದನ್ನು ಎಲ್ಲಿಡಲೆಂದು ಕೇಳಿದಾಗ, ಪಾಪ, ಬಲಿ ಚಕ್ರವರ್ತಿ ತಲೆ ಒಡ್ಡಿದ. ನಾನು ಬ್ರೇಕಿನ ಮೇಲೆ ಒಂದು ಹೆಜ್ಜೆ ಇಟ್ಟರೆ ಸಾಕು, ಮೂರೂ ಲೋಕಗಳು ಒಟ್ಟಿಗೆ ತುಳಿಸಿಕೊಳ್ಳುತ್ತಿದ್ದವು: ಕಾರು ನಿಲ್ಲುತ್ತಲೂ ಇತ್ತು, ಎಂಜಿನ್ ಅರಚುತ್ತಲೂ ಇತ್ತು. ಕೊನೆಗೆ ಮೂವರಲ್ಲಿ ಕ್ಲಚ್ಚನ್ನೇ ತೆಗೆದುಹಾಕಿ, ಅದು ಬೇಡದ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಕೂರಿಸಿದೆವು. ಹಾಟ್ ರಾಡಿಗೆ ಆಟೊಮ್ಯಾಟಿಕ್ಕೇ ಎಂದು ಮೂಗು ಮುರಿಯುವವರು ತಮ್ಮ ಪಾದಗಳನ್ನು ತಂದು ತೋರಿಸಲಿ.

ಈಗ ಕಾರು ಬಹುಮಟ್ಟಿಗೆ ನನಗೆ ಹಿಡಿಸುತ್ತದೆ. ನೆತ್ತಿಗೂ ಚಾವಣಿಗೂ ನಡುವೆ ಒಂದು ಹಾಳೆ ತೂರುತ್ತದೆ, ಹಾದಿಯಲ್ಲಿ ಗುಂಡಿ ಬಂದರೆ ಅದೂ ಇಲ್ಲ. ಮುಂದಿನ ಗಾಜಿನ ಮೇಲಂಚು ಸರಿಯಾಗಿ ನನ್ನ ಕಣ್ಣಿನ ಮಟ್ಟಕ್ಕಿರುವುದರಿಂದ ಟ್ರಾಫಿಕ್ ದೀಪ ಕಾಣಬೇಕಾದರೆ ಮುಂದಿನ ಕಾರಿನವರು ಹೊರಡುವುದನ್ನು ನೋಡಬೇಕು. ಅಷ್ಟಾದರೂ ಮೊನ್ನೆ ಸಂಜೆ ನಮ್ಮ ಬೀದಿಯ ತುದಿಯವರೆಗೆ ಹೋಗಿ ಬಂದಾಗ ನನ್ನ ಮುಖ ಹೇಗಿತ್ತೆಂದು ಹೆಂಡತಿ ಫೋಟೊ ತೆಗೆದಿದ್ದಾಳೆ. ಅದರಲ್ಲಿ ಮುಖ ಕಾಣುವುದಿಲ್ಲ, ಗದ್ದದಿಂದ ಕೆಳಗೆ ಮಾತ್ರ ಇದೆ.

ಅವಳ ಪ್ರಶ್ನೆ ಹಾಗೆಯೇ ಉಳಿದಿದೆ. ಇನ್ನೇನು ಅದಕ್ಕೇ ಬರುವವನಿದ್ದೆ. ಆದರೆ ಬೇಲಿಯಾಚೆಯಿಂದ ಗೆಳೆಯ ಕೂಗುತ್ತಿದ್ದಾನೆ. ಸೀಟಿಗೆ ಅರ್ಧ ಅಂಗುಲದ ಹೊಸ ಸ್ಪಂಜು ಬಂದಿದೆಯಂತೆ, ಒಮ್ಮೆ ಕೂತು ನೋಡಬೇಕಂತೆ. ಬರುವಾಗ ಹಿಂದಿನ ಜೇಬಿನ ಪರ್ಸನ್ನು ಮನೆಯಲ್ಲೇ ಇಟ್ಟು ಬರಬೇಕಂತೆ. ಅದರಲ್ಲಿ ಕಾಲಂಗುಲ ಸಿಗುತ್ತದೆ.